ಅರವಟ್ಟಿಗೆಯ ನೀಲಿ ಬ್ಯಾರಲ್ಲುಗಳು

ಪೂಜ್ಯ ಪರ್ವತವ್ವ ತಾಯಿಯವರ ಪವಾಡಗಳನ್ನೆಲ್ಲ ಕಣ್ಣಾರೆ ಕಂಡ ಭಕ್ತ ಈ ಭೂಮಂಡಲದಲ್ಲಿ ನಾನೊಬ್ಬನೇ. ಶುದ್ಧ ಸುಳ್ಳು. ತಾಯಿಯವರು ಪವಾಡ ಮಾಡಿದವರೇ ಅಲ್ಲ. ನಾನು ಆ ದಿನ ಅವರ ಅರವಟ್ಟಿಗೆಯಲ್ಲಿ ನೀರಿಗೆಂದು ಪಾಳಿ ನಿಂತಿದ್ದವನು, ಅಷ್ಟೇ. ಉಳಿದದ್ದನ್ನು ಫಕ್ಕೀರೇಶ ಯಲಿಗಾರರೇ ಆಮೇಲೆ ಊರೆಲ್ಲ ಹೇಳಿಕೊಂಡರು.

ನಗರದ ಕಸವೆಲ್ಲ ಬಂದು ಬೀಳುವ ಗುಡ್ಡೆಯ ಬುಡದಲ್ಲೊಂದು ತಗಡಿನ ಗುಡಿಸಲು. ಅದೇ ತಾಯಿಯವರ ಮಠ. ಕಸ ಆರಿಸುವ ಹೆಣ್ಣುಮಕ್ಕಳ ನಡುವೆ ಕುಳಿತು ತಾವೂ ಹಸಿ ಕಸ, ಒಣ ಕಸ ಬೇರೆ ಮಾಡುತ್ತಿದ್ದರು. ಬೇಸಿಗೆ ಬಂತೆಂದರೆ ರಸ್ತೆ ಬದಿಗೆ ಚಪ್ಪರ ಹಾಕಿಸಿ ದಾರಿಹೋಕರಿಗೆ ನೀರು ಕೊಡುತ್ತಿದ್ದರು. ಮೊದಲ ಲೋಟ ತಾವು ಕುಡಿದ ಮೇಲೆಯೇ ಉಳಿದವರಿಗೆ. ಅದು ಅವರ ನೇಮ.

ಯಲಿಗಾರರು “ಕಸದ ಗುಡ್ಡಿ ಜಗದ್ಗುರು” ಎಂದು ನಗುತ್ತಿದ್ದರು. ಅವರದು ಸೈಕಲ್ಲಿನ ಹ್ಯಾಂಡಲ್ಲಿಗೆ ಹೊಳಪು ಹಾಕುವ ಕಾರ್ಖಾನೆ. ಆ ಹೊಳಪಿನ ರಸಾಯನ ಘೋರ ವಿಷ. ಅದು ಬರುವ ನೀಲಿ ಬ್ಯಾರಲ್ಲುಗಳು ಖಾಲಿಯಾದ ಮೇಲೆ ವಿಷದ ಕಸ ವಿಲೇವಾರಿ ಮಾಡುವ ಘಟಕಕ್ಕೆ ಹೋಗಬೇಕು. ಯಲಿಗಾರರು ಅವುಗಳ ಮೇಲಿನ ತಲೆಬುರುಡೆಯ ಚೀಟಿಯನ್ನು ನುಣ್ಣಗೆ ಕೆರೆಸಿ, ಮನೆಗಸದ ಟ್ರ್ಯಾಕ್ಟರಿಗೆ ಹಾಕಿಸಿಬಿಡುತ್ತಿದ್ದರು. ಚೀಟಿಯಿಲ್ಲದ ಬ್ಯಾರಲ್ಲು ಯಾರದೆಂದು ಹೇಳುವವರು ಯಾರು?

ಒಂದು ಬೆಳಿಗ್ಗೆ ಕಾರ್ಖಾನೆಯ ಖಾದರ ಕುಣಿಯುತ್ತ ಬಂದ.

“ಸಾವ್ಕಾರ್ರ, ನಮ್ಮ ಬ್ಯಾರಲ್ಲಿಗೂ ಪುಣ್ಯೇ ಬಂತ್ ನೋಡ್ರಿ! ಮೊನ್ನೆ ಒಗದದ್ದನ್ನ ಕಸ ಆರಸೋ ಮಂದಿ ತೊಳದು ತಾಯ್ಯಾರ ಅರವಟ್ಟಿಗಿಗೆ ಕೊಟ್ಟಾರಂತ. ಇವತ್ತ ನಳಾ ಬಂದೈತಿ, ತುಂಬಸಾಕತ್ತಾರ.”

ಯಲಿಗಾರರು ಕಾರಿನ ಕೀಲಿಗೆ ಕೈ ಹಾಕಿದರು. ವಾರಕ್ಕೊಮ್ಮೆ ನಳ ಬರುವ ಊರು. ಹಳೆಯ ಬ್ಯಾರಲ್ಲಿನಲ್ಲಿ ನೀರು ತುಂಬಿಡದ ಮನೆಯೇ ಇಲ್ಲ. ಇದು ಇಷ್ಟು ದಿನ ಹೇಗೆ ಹೊಳೆಯಲಿಲ್ಲ? ಕಾರು ಹತ್ತಿದರು. ತೊಳೆದಿದ್ದಾರಲ್ಲ, ಏನೂ ಆಗಲಿಕ್ಕಿಲ್ಲ ಎಂದುಕೊಂಡರು. ಮರುಕ್ಷಣವೇ, ಬ್ಯಾರಲ್ಲು ತೊಳೆದ ನೀರು ನೆಕ್ಕಿ ಕಾರ್ಖಾನೆಯ ಹಿತ್ತಲಲ್ಲಿ ಕಾಲು ಸೆಟೆದು ಬಿದ್ದ ಆಡು ಕಣ್ಣ ಮುಂದೆ ಬಂತು. ಹೇಳಿದರೆ ಕಾರ್ಖಾನೆಗೆ ಬೀಗ. ಹೇಳದಿದ್ದರೆ? ಸಿಗ್ನಲ್ಲಿನ ಕೆಂಪು ದೀಪ ಹಸಿರಾಗಲೊಲ್ಲದು.

ಚಪ್ಪರದಡಿ ನಾಲ್ಕು ನೀಲಿ ಬ್ಯಾರಲ್ಲು ಸಾಲಾಗಿ ನಿಂತಿದ್ದವು. ಮೈತುಂಬ ವಿಭೂತಿ, ನೆತ್ತಿಗೊಂದು ದಾಸವಾಳ. ನಾಲ್ಕೂ ತದ್ರೂಪ. ಯಲಿಗಾರರು ಮಂದಿಯ ನಡುವೆ ನುಗ್ಗಿದರು.

“ಏ ಯಣ್ಣಾ, ಕಾರಿನ್ಯಾಗ ಬಂದೀದಿ ಅಂತ ಪಾಳಿ ಮುರೀತಿಯೇನು? ಹಿಂದ ನಿಲ್ಲು!” ಎಂದು ಮುದುಕಿಯೊಬ್ಬಳು ಅಂಗಿ ಹಿಡಿದು ಜಗ್ಗಿದಳು.

ಅಷ್ಟರಲ್ಲಿ ತಾಯಿಯವರು ಲೋಟವನ್ನು ತುಟಿಯ ಹತ್ತಿರ ತಂದಿದ್ದರು.

“ಕುಡೀಬ್ಯಾಡ್ರಿ ತಾಯಿ! ವಿಷ ಐತ್ರಿ ಅದರಾಗ!”

ಕೂಗಿದವರು ತಾವೇ ಎಂಬುದು ಯಲಿಗಾರರಿಗೆ ಆಮೇಲೆ ತಿಳಿಯಿತು. ತಾಯಿಯವರು ಲೋಟ ಇಳಿಸಿದರು.

“ಯಾವುದರಾಗಪ್ಪಾ?”

ಯಲಿಗಾರರು ಒಂದೊಂದೇ ಬ್ಯಾರಲ್ಲಿನ ಮೈ ಸವರಿ ನೋಡಿದರು. ಎಲ್ಲವೂ ನುಣುಪು. “ಗೊತ್ತಿಲ್ರೀ ತಾಯಿ. ಚೀಟಿ ನಾನಽ ಕೆರಸೀನ್ರಿ.” ಪಾಳಿಯಲ್ಲಿ ಗುಜುಗುಜು ಎದ್ದಿತು. ಅವರು ಗಾಬರಿಯಿಂದ ಮೊದಲ ಬ್ಯಾರಲ್ಲಿಗೆ ಹೆಗಲು ಕೊಟ್ಟರು. “ಎಲ್ಲಾ ಹೊರಗ ಚೆಲ್ಲಿಬಿಡ್ತೀನ್ರಿ!”

ತಾಯಿಯವರು ಬ್ಯಾರಲ್ಲಿನ ಮೇಲೆ ಕೈಯಿಟ್ಟರು.

“ಹೊರಗ ಅಂದ್ರ ಯಾರ ಮನಿಯಪ್ಪಾ?”

ಯಲಿಗಾರರು ತಲೆಯೆತ್ತಿದರು. ಬ್ಯಾರಲ್ಲು ವಾಲಿದ ಕಡೆ ಒಂದು ಗಟಾರ. ಗಟಾರದ ಆಚೆ ಗುಡಿಸಲುಗಳು, ಕೆದಕುವ ಕೋಳಿ, ಕೂಸಿಗೆ ನೀರೆರೆಯುತ್ತಿದ್ದ ಹೆಣ್ಣುಮಗಳು, ಅವಳ ಬಗಲಿಗೆ ಮತ್ತೊಂದು ನೀಲಿ ಬ್ಯಾರಲ್ಲು. ಅವರು ಅಲ್ಲೇ ಕುಸಿದು ಕುಳಿತು ತಾಯಿಯವರ ಪಾದ ಹಿಡಿದರು.

ನಾಲ್ಕೂ ಬ್ಯಾರಲ್ಲಿಗೆ ಮುಚ್ಚಳ ಬಿಗಿಸಿ ಟೆಂಪೊಗೆ ಏರಿಸಿದೆವು. ನಾನೊಬ್ಬನೇ ಎತ್ತಿದೆ ಎಂದರೆ ನೀವು ನಂಬುವುದಿಲ್ಲ, ಬಿಡಿ. ಅವು ಘಟಕಕ್ಕೆ ಹೋದವು. ಕಾರ್ಖಾನೆಗೆ ಬೀಗ ಬಿತ್ತು. ಅದು ತೆರೆಯುವವರೆಗೂ ಯಲಿಗಾರರು ಹೊಸ ಬ್ಯಾರಲ್ಲು ಹೊತ್ತು ಮನೆಮನೆ ಬಾಗಿಲು ತಟ್ಟಿದರು: “ಯಕ್ಕಾ, ನಿಮ್ಮ ಹಳೇದು ಕೊಡ್ರಿ, ಇದನ್ನ ಇಟ್ಕೋರಿ.” ಕೂಸು ಕೆಮ್ಮಿದ ಸದ್ದು ಕೇಳಿದರೆ ಆ ಹೊಸ್ತಿಲಲ್ಲೇ ಕುಳಿತು, ಎಷ್ಟು ದಿನದ ಕೆಮ್ಮೆಂದು ಕೇಳುತ್ತಿದ್ದರು. ಈಗ ಅವರ ಕಾರ್ಖಾನೆಯ ಖಾಲಿ ಬ್ಯಾರಲ್ಲು, ಯಾರೂ ನೀರು ತುಂಬದಂತೆ ತಳಕ್ಕೆ ತೂತು ಬಿದ್ದ ಮೇಲೆಯೇ ಘಟಕಕ್ಕೆ ಹೊರಡುತ್ತದೆ. ಬೇಸಿಗೆಯಲ್ಲಿ ಅರವಟ್ಟಿಗೆಯ ಮಣ್ಣಿನ ಹರವಿ ತುಂಬುವವರೂ ಅವರೇ. ತಾಯಿಯವರ ಅಪ್ಪಣೆ ಬೇಡಿ ಪಡೆದು, ಮೊದಲ ಲೋಟವನ್ನು ಈಗ ಅವರೇ ಕುಡಿಯುತ್ತಾರೆ.

ಆ ದಿನ ತಾಯಿಯವರು ಕುಡಿದ ಮೇಲೆ ಎರಡನೆಯ ಲೋಟ ನನ್ನದಿತ್ತು. ಗಂಟಲು ಅಂದು ಒಣಗಿದ್ದು ಇನ್ನೂ ಹಸಿಯಾಗಿಲ್ಲ. ಈ ಚಹಾದ ದುಡ್ಡು ನೀವೇ ಕೊಟ್ಟುಬಿಡಿ.