ಕೂದಲು ಶುರುವಾಗುವ ಜಾಗ

ನದಿ ದಂಡೆಯ ಊರೊಂದರಲ್ಲಿ ವೃಷಭೇಂದ್ರಯ್ಯ ಎಂಬ ವೈದ್ಯರಿದ್ದರು. ಬೋಳುತಲೆಗೆ ಕೂದಲು ನೆಡುವುದು ಅವರ ಕೆಲಸ. ವಯಸ್ಸಾಗಿ ಕೈ ನಡುಗತೊಡಗಿದ ಮೇಲೆ ಚಾಕು ಕೆಳಗಿಟ್ಟು, ಕಲಿಸುತ್ತ ಕೂತರು.

ಶಿಷ್ಯೆ ಒಬ್ಬಳೇ, ಡಾಕ್ಟರ್ ಪಾವನಿ. ಅವಳ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು.

ಒಂದು ದಿನ ಪುಟ್ಟಮಾದಯ್ಯ ಎಂಬ ನಿವೃತ್ತ ಲೈನ್‌ಮನ್ ಬಂದರು. ಅರವತ್ತು ದಾಟಿದ ಮನುಷ್ಯ. ಟೋಪಿ ತೆಗೆಯಲು ಬಹಳ ಹೊತ್ತು ಹಿಂಜರಿದರು.

ತೆಗೆದಾಗ ಪಾವನಿಗೆ ಕಂಡದ್ದು ಗೊಂಬೆಯ ತಲೆ. ಹಣೆಯ ಮೇಲೆ ಸಾಲಾಗಿ ಕೂದಲ ಕುಚ್ಚುಗಳು, ನಡುವೆ ಬರಿಯ ಚರ್ಮ.

"ಮದುವೆಗೆ ಮುಂಚೆ ಮಾಡಿಸ್ಕೊಂಡಿದ್ದು ಡಾಕ್ಟ್ರೇ. ಕೆಲಸದಲ್ಲಿದ್ದಾಗ ಹೆಲ್ಮೆಟ್ ಇತ್ತು. ಆಮೇಲೆ ಟೋಪಿ."

"ಈಗ ಏನಾಗಬೇಕು?"

ಅವರು ಟೋಪಿಯನ್ನು ಮಡಚಿದರು, ಬಿಚ್ಚಿದರು.

"ದೀಪಾವಳಿಗೆ ನಮ್ಮನೇಲಿ ಹೆಂಡತಿ ಎಲ್ಲರ ತಲೆಗೂ ಎಣ್ಣೆ ಹಚ್ತಾಳೆ. ಮೂವತ್ತನಾಲ್ಕು ವರ್ಷದಿಂದ ನಾನೊಬ್ಬ ಬಚ್ಚಲ ಬಾಗಿಲು ಹಾಕ್ಕೊಂಡು ನಾನೇ ಹಚ್ಕೋತೀನಿ. ಒಂದ್ಸಲ ಅವಳ ಮುಂದೆ ಕೂರಬೇಕು ಅಂತ ಆಸೆ."

ಅವರು ಹೊರಗೆ ಹೋದ ಮೇಲೆ ಪಾವನಿ ತಡೆಯಲಾರದೆ ಗುರುಗಳಿಗೆ ಅಂದಳು: "ಇದನ್ನ ಮಾಡಿದ ಪುಣ್ಯಾತ್ಮ ಯಾರು ಸರ್? ಅವರ ಕೈ ಕತ್ತರಿಸಬೇಕು."

ಗುರುಗಳು ನಡುಗುವ ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿದರು.

"ತಗೋ."

ಪಾವನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಅವರು ಡ್ರಾಯರಿನಿಂದ ಒಂದು ಉಕ್ಕಿನ ಕೊಳವೆ ತೆಗೆದರು. ಪೆನ್ಸಿಲಿನ ಮೊನೆ ತೂರುವಷ್ಟು ಅಗಲದ, ಹರಿತವಾದ ಬಾಯಿ.

"ಆಗ ಇದ್ದದ್ದು ಇದು. ಇದರಲ್ಲಿ ಒತ್ತಿ ತೆಗೆದರೆ ಒಂದೊಂದು ತುಂಡಿಗೂ ಹದಿನೈದು ಇಪ್ಪತ್ತು ಕೂದಲು ಬರೋದು. ಹಾಗೇ ನೆಡ್ತಿದ್ವಿ. ಕೂದಲು ಬೆಳೆಯಿತಲ್ಲ ಅನ್ನೋ ಸಂಭ್ರಮದಲ್ಲಿ ಮುಖ ನೋಡೋದನ್ನ ಮರೆತೆವು."

"ಅವರಿಗೆ ಗೊತ್ತಾ, ಮಾಡಿದ್ದು ನೀವು ಅಂತ?"

"ಗೊತ್ತಿದ್ದೇ ಬಂದಿದ್ದಾರೆ. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು."

ಮರುದಿನ ಪಾವನಿ ಪುಟ್ಟಮಾದಯ್ಯನವರ ಹಣೆಯ ಮೇಲೆ, ಹೊಸ ಕೂದಲು ಶುರುವಾಗಬೇಕಾದ ಗೆರೆಯನ್ನು ಪೆನ್ನಿನಲ್ಲಿ ಬರೆದಳು. ಅಳತೆಪಟ್ಟಿ ಇಟ್ಟು, ಎಡಬಲ ಸಮವಾಗಿ, ಸೊಗಸಾಗಿ.

ಗುರುಗಳು ಸ್ಪಿರಿಟ್ ಹತ್ತಿಯಿಂದ ಒರೆಸಿದರು.

ಮತ್ತೆ ಬರೆದಳು, ಇನ್ನೂ ಸೊಗಸಾಗಿ. ಮತ್ತೆ ಒರೆಸಿದರು. ಪುಟ್ಟಮಾದಯ್ಯ ಕಣ್ಣು ಮುಚ್ಚಿ ಸುಮ್ಮನೆ ಕೂತಿದ್ದರು, ಪಾಪ.

"ಇದರಲ್ಲಿ ತಪ್ಪೇನಿದೆ ಸರ್? ಈಗ ಹಳೇ ಕುಚ್ಚೆಲ್ಲ ತೆಗೆದು, ಮೈಕ್ರೋಸ್ಕೋಪಿನ ಕೆಳಗೆ ಬಿಡಿಸಿ, ಒಂದೊಂದೇ ಕೂದಲು ನೆಡಬಹುದು. ಮುಂದೆ ಒಂಟಿ ಕೂದಲು, ಹಿಂದೆ ಎರಡು ಮೂರು. ಎಲ್ಲ ಹಾಗೇ ಮಾಡ್ತೀನಿ."

"ನಿಮ್ಮಮ್ಮ ಹೇಗಿದ್ದಾರೆ?"

"ಅಮ್ಮ ಇಲ್ಲ ಸರ್. ಹೋಗಿ ಆರು ವರ್ಷ ಆಯ್ತು."

"ಕಣ್ಣು ಮುಚ್ಚಿದರೆ ಮುಖ ಕಾಣುತ್ತಾ?"

ಅವಳು ಕಣ್ಣು ಮುಚ್ಚಿದಳು. "ಕಾಣುತ್ತೆ."

"ಏನೇನು ಕಾಣುತ್ತೆ?"

"ಕುಂಕುಮ. ಮೂಗುಬೊಟ್ಟು. ನಗೋವಾಗ ಒಂದು ಹುಬ್ಬು ಮೇಲೇರುತ್ತಿತ್ತು."

"ಕೂದಲು ಎಲ್ಲಿಂದ ಶುರುವಾಗುತ್ತಿತ್ತು?"

ಪಾವನಿ ಬಹಳ ಹೊತ್ತು ಹುಡುಕಿದಳು.

"ಗೊತ್ತಿಲ್ಲ ಸರ್. ಅದನ್ನ ನಾನು ನೋಡೇ ಇಲ್ಲ."

"ದಿನಾ ನೋಡಿದ ಮುಖ."

"ಹೌದು."

"ಹಾಗೇ ಕಣ್ಣಿಗೆ ಬೀಳದಂತೆ ಬರೆ."

ಅಳತೆಪಟ್ಟಿಯನ್ನು ಪಕ್ಕಕ್ಕಿಟ್ಟಳು. ಪುಟ್ಟಮಾದಯ್ಯನವರ ಮುಖವನ್ನು ಮೊದಲ ಸಲ ನೋಡುವವಳಂತೆ ನೋಡಿದಳು. ಗೆರೆಯನ್ನು ಅರವತ್ತರ ಹಣೆಗೆ ಎಷ್ಟು ಬೇಕೋ ಅಷ್ಟು ಹಿಂದಕ್ಕೆ ಸರಿಸಿದಳು. ಎಡಗಡೆ ಚೂರು ಡೊಂಕು, ಬಲಗಡೆ ಬೇರೆ ಡೊಂಕು, ಅಲ್ಲಲ್ಲಿ ಬಿಡುವು. ಗೆರೆ ಎಂದು ಕರೆಯಲೂ ಆಗದಂಥದ್ದು.

ಗುರುಗಳು ಹತ್ತಿಯನ್ನು ಬುಟ್ಟಿಗೆ ಹಾಕಿದರು.

ಎರಡು ದಿನ ಹಿಡಿಯಿತು. ಒಂದೊಂದು ಕೂದಲನ್ನೂ ಅದು ಹುಟ್ಟಿನಿಂದ ಎತ್ತ ವಾಲುತ್ತಿತ್ತೋ ಅತ್ತಲೇ ವಾಲಿಸಿ ನೆಟ್ಟಳು. ಗುರುಗಳು ಪಕ್ಕದ ಸ್ಟೂಲಿನ ಮೇಲೆ, ಕೈಗಳನ್ನು ಮಡಿಲಲ್ಲಿ ಬಿಗಿಹಿಡಿದು, ಊಟಕ್ಕೂ ಏಳದೆ ಕೂತಿದ್ದರು.

ನೆಟ್ಟ ಕೂದಲು ಮೊದಲು ಉದುರಿತು, ಆಮೇಲೆ ನಿಧಾನವಾಗಿ ಬಂತು. ವರ್ಷ ಕಳೆಯಿತು. ದೀಪಾವಳಿ ಮುಗಿದ ಮೂರನೆಯ ದಿನ ಪುಟ್ಟಮಾದಯ್ಯ ಕಜ್ಜಾಯದ ಡಬ್ಬಿ ಹಿಡಿದು ಬಂದರು. ತಲೆ ಮೇಲೆ ಟೋಪಿ ಇರಲಿಲ್ಲ.

ಪಾವನಿ ಓಡಿ ಬಂದಳು. "ಕೂತ್ರಾ? ಎಣ್ಣೆ ಹಚ್ಚಿದ್ರಾ?"

"ಹಚ್ಚಿದಳು ಡಾಕ್ಟ್ರೇ."

"ಕೂದಲು ನೋಡಿ ಏನಂದ್ರು?"

ಅವರು ನೆನಪಿಸಿಕೊಂಡರು. "ಕೂದಲ ವಿಷಯ ಏನೂ ಅನ್ನಲಿಲ್ಲ. 'ಅಲ್ಲಾಡ್ಬೇಡಿ, ಕಣ್ಣಿಗೆ ಇಳಿಯುತ್ತೆ' ಅಂದಳು. ಆಮೇಲೆ, 'ನಿಮ್ಮ ಕಣ್ಣ ಸುತ್ತ ಎಷ್ಟೊಂದು ಸುಕ್ಕು ಬಂದಿದೆಯಲ್ಲ, ನಾನು ನೋಡೇ ಇರಲಿಲ್ಲ' ಅಂದಳು. ಅಷ್ಟು ಹೇಳಿ ಅತ್ತುಬಿಟ್ಟಳು."

ಅವರು ಹೋದ ಮೇಲೆ ಪಾವನಿ ಡಬ್ಬಿ ತೆರೆಯದೆ ಕೂತಳು.

"ಎರಡು ದಿನ ಬೆನ್ನು ಬಗ್ಗಿಸಿದ್ದೀನಿ ಸರ್. ನನ್ನ ಕೆಲಸದ ಬಗ್ಗೆ ಒಂದು ಮಾತೂ ಇಲ್ಲ."

ಗುರುಗಳು ಕನ್ನಡಕ ತೆಗೆದು ಒರೆಸಿಕೊಂಡರು.

"ಟೋಪಿ ತೆಗೆದರೆ ಇಷ್ಟು ವರ್ಷ ಕಾಣ್ತಿದ್ದದ್ದು ನನ್ನ ಕೆಲಸ ಕಣಮ್ಮ. ಮೊನ್ನೆ ಆಕೆಗೆ ಕಂಡದ್ದು ಅವಳ ಗಂಡ."