ತಡಮಾಡಿದವಳ ಬುರುಜು

ಹಿರೇಗೊಂಡಿಯ ಕೋಟೆಗೆ ಸೈಕಲ್ ಪ್ರವಾಸದವರು ಈಗ ಚಳಿಗಾಲದುದ್ದಕ್ಕೂ ಬರುತ್ತಾರೆ. ಕಳೆದ ಮಾಗಿಯಲ್ಲಿ ಬಂದ ತಂಡದಲ್ಲಿ ವನಮಾಲಾ ಎಂಬ ಶಾಲಾ ಶಿಕ್ಷಕಿಯಿದ್ದರು. ಹೆಬ್ಬಾಗಿಲಿಗೆ ಸೈಕಲ್ ಒರಗಿಸಿ, ಏದುಸಿರು ಬಿಡುತ್ತ ಮೆಟ್ಟಿಲೇರಿದವರೇ ಕಾವಲಿನ ಮಾಬೂಸಾಬರನ್ನು ಕೇಳಿದರು: ಇಷ್ಟು ಗಟ್ಟಿಮುಟ್ಟಾದ ಬುರುಜಿಗೆ 'ತಡಮಾಡಿದವಳ ಬುರುಜು' ಎಂಬ ಹೆಸರೇಕೆ? ಮಾಬೂಸಾಬರು ನಕ್ಕು, "ಅವಸರದಾಗ ಕೇಳೂ ಕತಿ ಅಲ್ರೀ ಇದು, ಕುಂದರ್ರಿ" ಎಂದರು.

ಹಿಂದೆ ಒಮ್ಮೆ, ಕೆಂಚನಾಯಕನೆಂಬ ಪಾಳೆಯಗಾರನ ಕಾಲದಲ್ಲಿ, ಶತ್ರುಸೈನ್ಯ ಹೊಳೆಯಾಚೆ ಬೀಡುಬಿಟ್ಟಿದೆ, ನೆರೆ ಇಳಿದೊಡನೆ ದಾಟಲಿದೆಯೆಂಬ ಸುದ್ದಿ ಬಂತಂತೆ. ಮೂಡಣ ಮೂಲೆಗೆ ಜೋಡಿ ಬುರುಜು ಎಬ್ಬಿಸಲು ಅಪ್ಪಣೆಯಾಯಿತು. ಒಂದರ ಗಾರೆ ಕೆಲಸ ಊರಿನ ಗಾರೆ ಕಸುಬಿನ ನೀಲಗಂಗವ್ವನ ಪಾಲಿಗೆ, ಇನ್ನೊಂದರದು ಹೊರಗಿನಿಂದ ಬಂದ ಮೇಸ್ತ್ರಿಯ ಪಾಲಿಗೆ. ಸುಟ್ಟ ಸುಣ್ಣ ಗುಂಡಿಯ ನೀರಿನಲ್ಲಿ ತಿಂಗಳಾದರೂ ನೆನೆಯಬೇಕು, ಆಮೇಲೆ ಮರಳು, ಬೆಲ್ಲದ ನೀರು ಬೆರೆಸಿ ಬೆಣ್ಣೆಯಂತೆ ಅರೆಯಬೇಕು ಎಂಬುದು ಅವಳ ಮನೆತನದ ಪದ್ಧತಿ. ಮೇಸ್ತ್ರಿ ಎಂಟೇ ದಿನಕ್ಕೆ ಗುಂಡಿಯಿಂದ ಸುಣ್ಣ ತೆಗೆದು ಗೋಡೆ ಏರಿಸಿದ. ಇವಳೋ ದಿನಾ ಸುಣ್ಣವನ್ನು ಬೆರಳಲ್ಲಿ ತಿಕ್ಕಿ ನೋಡಿ, ಮತ್ತೆ ಗುಂಡಿ ಮುಚ್ಚುತ್ತಿದ್ದಳು. ನಾಯಕ ಕೆಂಡಾಮಂಡಲವಾದ. ಊರವರು ಆಡಿಕೊಂಡು, ಅವಳು ಕಟ್ಟುತ್ತಿದ್ದ ಬುರುಜಿಗೆ ಆಗಲೇ ಈ ಹೆಸರಿಟ್ಟರು. ಅವಳ ಒಬ್ಬನೇ ಮಗ ಸೋಮಣ್ಣ ತೋಪು ಹಾರಿಸುವವನು. ಅವನಿಗೆ ತಲೆಯೆತ್ತಲು ನಾಚಿಕೆ. "ನಿಂದು ಮುಗಿಯೂದ್ರಾಗ ವೈರಿ ಬಂದು ಉಂಡು ಹೋಗ್ತಾನ. ನಾ ಆ ಬುರುಜಿನ ಮ್ಯಾಲ ನಿಲ್ತೇನಿ" ಎಂದು ಹೊರಟೇಬಿಟ್ಟ. ಅಲ್ಲಿಯ ಗಾರೆ ಹಸಿಯೆಂದು ಅವಳಿಗೆ ಗೊತ್ತಿತ್ತು. ಹೇಳಿದರೆ ಹೊಟ್ಟೆಕಿಚ್ಚು ಎಂದಾರೆಂದು ತುಟಿಪಿಟಕ್ಕೆನ್ನಲಿಲ್ಲ. ಕಸುಬುದಾರರ ಬಿಗುಮಾನ ಎಂಥದ್ದು ನೋಡಿ!

ವೈರಿ ಬಂದಾಗ ಅವಳ ಬುರುಜಿಗೆ ಮೇಲಿನ ತಡೆಗೋಡೆಯ ಒಂದೇ ವರಸೆ ಕಲ್ಲು ಬಾಕಿಯಿತ್ತು. ಸೋಮಣ್ಣ ಮೂರನೆಯ ತೋಪು ಹಾರಿಸುತ್ತಲೇ ಅವನ ಕಾಲ ಕೆಳಗಿನ ಗೋಡೆ ಅದುರಿ ಬಿರಿದು, ಅವನನ್ನೂ ಒಳಗೆ ಎಳೆದುಕೊಂಡು ಕುಸಿಯಿತು. ನೀಲಗಂಗವ್ವನ ಬುರುಜು ಮೂರು ದಿನ ಗುಂಡು ತಿಂದೂ ಅಲುಗಲಿಲ್ಲ. ಕೋಟೆ ಉಳಿಯಿತು.

ನಾಯಕ ತಾನೇ ನಡೆದು ಬಂದು, ವಿಜಯದ ಬುರುಜೆಂದು ಹೆಸರು ಬದಲಿಸಿ, ಬಾಕಿ ವರಸೆ ಮುಗಿಸೋಣ ಎಂದನಂತೆ. "ಹೆಸರು ಅದೇ ಇರ್ಲಿ, ದಣಿ. ಆ ಬುರುಜೂ ನಾ ತಡಾ ಮಾಡಿಸಬೇಕಿತ್ತು, ಬಾಯಿ ಬಿಡ್ಲಿಲ್ಲ. ವರಸೀನೂ ಬ್ಯಾಡ. ಅದು ಎದ್ರ ನನ್ನ ಮಗ ಬಿದ್ದ ಜಾಗ ಕಾಣಂಗಿಲ್ಲ" ಎಂದಳು ಎನ್ನುತ್ತಾರೆ.

ವನಮಾಲಾ ಬುರುಜು ಹತ್ತಿದರು. ಸುತ್ತ ತಡೆಗೋಡೆಯಿಲ್ಲ. ಅಂಚಿಗೆ ಹೋಗಿ ನಿಂತ ಯಾರಿಗೇ ಆದರೂ, ಬಯಲಿಗಿಂತ, ಹೊಳೆಗಿಂತ ಮೊದಲು ಕಾಣುವುದು ಕೆಳಗಿನ ಕಲ್ಲುಗುಪ್ಪೆ.