ಕೆಂಪು ಪೆನ್ಸಿಲ್ಲಿನ ಒಂದು ಗೆರೆ

ಆಸ್ಪತ್ರೆಯ ವಾರ್ಡಿನಲ್ಲಿ ಕೆಂಪು ಪೆನ್ಸಿಲ್ಲೂ ಹಳದಿ ಹೈಲೈಟರೂ ಒಂದೇ ಡಬ್ಬಿಯಲ್ಲಿದ್ದವು. ರೋಗಿ ತುಂಗವ್ವನ ಹಾಳೆಯಲ್ಲಿ "ಪೆನಿಸಿಲಿನ್ ಒಗ್ಗದು, ಕೊಡಬಾರದು" ಎಂಬ ಒಂದೇ ಸಾಲಿನ ಕೆಳಗೆ ಪೆನ್ಸಿಲ್ಲು ಗೆರೆ ಎಳೆಯಿತು.

"ಇಷ್ಟೇನಾ? ಜಿಪುಣ! ನನಗೆ ಎಲ್ಲವೂ ಮುಖ್ಯ" ಎಂದ ಹೈಲೈಟರು ಗಂಜಿ, ಜ್ವರ, ಹಾಸಿಗೆಯ ನಂಬರು, ಹೀಗೆ ಹಾಳೆಯ ತುಂಬ ಹಳದಿ ಬಳಿಯಿತು. ಕೆಂಪು ಗೆರೆ ಅದರೊಳಗೆ ಮುಳುಗಿತು.

ಪಾಳಿ ಬದಲಾಯಿತು. ಹೊಸದಾಗಿ ಬಂದ ಸಿಸ್ಟರ್ ಆ ಹಾಳೆಯ ಮೇಲೆ ಕಣ್ಣಾಡಿಸಿ, ಜ್ವರಕ್ಕೆಂದು ಪೆನಿಸಿಲಿನ್ ಸೂಜಿ ಹಿಡಿದು, "ಅಜ್ಜಿ, ಕೈ ಚಾಚಿ" ಎಂದರು.

"ತಗೋ ನನ್ನವ್ವ" ಎಂದು ತುಂಗವ್ವ ನಗುತ್ತಲೇ ಕೈ ಚಾಚಿದಳು.

ಸಂಜೆಗೆ ಆ ಹಾಸಿಗೆ ಖಾಲಿಯಾಯಿತು.

"ಆ ಸಾಲನ್ನು ನಾನೂ ಬಿಟ್ಟಿರಲಿಲ್ಲವಲ್ಲ!" ಎಂದು ಹೈಲೈಟರು ಅತ್ತಿತು.

"ಬೇರೆ ಯಾವುದನ್ನೂ ಬಿಡಲಿಲ್ಲವಲ್ಲ" ಎಂದಿತು ಪೆನ್ಸಿಲ್ಲು.